ಗದಗ ಸೀಮೆಯ ಊರುಗಳಿಗಾಗಿ ನಗರ ವಿನ್ಯಾಸದ ಸ್ನಾತಕೋತ್ತರ ಕೋರ್ಸ್: ಕೋಟುಮಚಗಿಯಿಂದ ಒಂದು ಮನವಿ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು, ಬೆಂಗಳೂರು

ಪ್ರತಿಗಳು: ಕುಲಪತಿಗಳು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ, ಕುಲಪತಿಗಳು, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಗದಗ

ವಿಷಯ: ಸಣ್ಣ ಪಟ್ಟಣ ಮತ್ತು ದೊಡ್ಡ ಹಳ್ಳಿಗಳನ್ನೇ ಅಧ್ಯಯನದ ನೆಲೆಯಾಗಿಸಿಕೊಂಡ ನಗರ ವಿನ್ಯಾಸದ ಸ್ನಾತಕೋತ್ತರ ಕೋರ್ಸನ್ನು ಗದಗದಲ್ಲಿ ಆರಂಭಿಸುವ ಕುರಿತು.

ಮಾನ್ಯರೇ,

ಗದಗ ತಾಲ್ಲೂಕಿನ ಕೋಟುಮಚಗಿ ಮತ್ತು ಸುತ್ತಲಿನ ಊರುಗಳ ಪಾಲಕರು, ಶಿಕ್ಷಕರು, ವಾಸ್ತುಶಿಲ್ಪ ಪದವಿ ಓದುತ್ತಿರುವ ಹಾಗೂ ಓದಿ ಮುಗಿಸಿದ ಯುವಕ-ಯುವತಿಯರು ಕೂಡಿ ಈ ಮನವಿ ಸಲ್ಲಿಸುತ್ತಿದ್ದಾರೆ. ತಮ್ಮ ಮಕ್ಕಳು ನಗರ ವಿನ್ಯಾಸ ಕಲಿಯಲು ಬೆಂಗಳೂರು, ಅಹಮದಾಬಾದ್, ದೆಹಲಿಯ ಕಡೆ ನೋಡಬೇಕಾಗಿದೆ ಎಂಬುದು ಅವರ ಬೇಡಿಕೆಯ ಒಂದು ಕಾರಣ. ಅಲ್ಲಿ ಕಲಿತು ಬಂದವರಿಗೂ ಗದಗ, ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿಯಂಥ ಊರುಗಳನ್ನು ಹೇಗೆ ಓದಬೇಕೆಂಬ ಪಾಠ ಸಿಕ್ಕಿರುವುದು ಅಪರೂಪ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಈ ವಿದ್ಯೆಯ ಕೆಲಸ ಏನೆಂಬುದನ್ನು ಅರ್ಜಿದಾರರು ತಮ್ಮ ಓಣಿಯಿಂದಲೇ ವಿವರಿಸಲು ಬಯಸುತ್ತಾರೆ. ಈ ಭಾಗದ ಹಳೆಯ ಮನೆಗಳು ಮಣ್ಣಿನ ಮೇಲ್ಮುದ್ದೆಯವು. ಬೀದಿಯಿಂದ ಎರಡು-ಮೂರು ಮೆಟ್ಟಿಲು ಏರಿದರೆ ಕಟ್ಟೆ, ಅದನ್ನು ದಾಟಿದರೆ ಪಡಸಾಲೆ. ಮಣ್ಣಿನ ರಸ್ತೆ ಇದ್ದಾಗ ಮಳೆನೀರು ಬೀದಿಯ ನಡುವೆ ಹರಿದು ಹಳ್ಳ ಸೇರುತ್ತಿತ್ತು. ಆಮೇಲೆ ಸಿ.ಸಿ. ರಸ್ತೆ ಬಂತು. ಕೆಲವು ವರ್ಷಕ್ಕೆ ಅದು ಒಡೆದಾಗ ಹಳೆಯದನ್ನು ಅಗೆಯದೆ ಅದರ ಮೇಲೆಯೇ ಹೊಸ ಕಾಂಕ್ರೀಟು ಸುರಿದರು. ಹೀಗೆ ಎರಡು-ಮೂರು ಸಲ ಆದ ಓಣಿಗಳಲ್ಲಿ ರಸ್ತೆ ಕಟ್ಟೆಯ ಮಟ್ಟಕ್ಕೆ ಬಂದು ನಿಂತಿದೆ. ಏರಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು. ಜೋರು ಮಳೆ ಬಂದ ರಾತ್ರಿ ನೀರು ಹೊಸ್ತಿಲು ದಾಟಿ ಪಡಸಾಲೆಗೆ ನುಗ್ಗುತ್ತದೆ, ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸಲು ಮನೆಮಂದಿಯೆಲ್ಲ ಏಳುತ್ತಾರೆ. ಎರಿ ನೆಲದ ಮೇಲೆ ಕಟ್ಟಿದ ಗೋಡೆಯ ಬುಡಕ್ಕೆ ತೇವ ಇಳಿದರೆ ಆ ನೆಲ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಗೋಡೆ ಬಿರುಕು ಬಿಡುತ್ತದೆ. ರಸ್ತೆ ಮಾಡಿದವರು ರಸ್ತೆಯನ್ನಷ್ಟೇ ಲೆಕ್ಕ ಹಾಕಿದರು. ಮನೆ ಕಟ್ಟಿದವರು ಮನೆಯನ್ನಷ್ಟೇ ನೋಡಿದರು. ರಸ್ತೆ, ಕಟ್ಟೆ, ಗಟಾರ, ಗಿಡ, ಬಾವಿ, ಅಗಸಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವ ಒಬ್ಬರು ಆ ಕೆಲಸದಲ್ಲಿ ಇರಲಿಲ್ಲ. ಅಂಥವರನ್ನು ತಯಾರು ಮಾಡುವ ವಿದ್ಯೆಯೇ ನಗರ ವಿನ್ಯಾಸ.

ಯಾವ ಜಮೀನು ವಸತಿಗೆ, ಯಾವುದು ವ್ಯಾಪಾರಕ್ಕೆ ಎಂದು ಗೆರೆ ಎಳೆಯುವುದು ನಗರ ಯೋಜನೆ. ಗೆರೆಯೊಳಗಿನ ಕಟ್ಟಡ ವಾಸ್ತುಶಿಲ್ಪಿಯ ಪಾಲು. ಎರಡರ ನಡುವೆ ಉಳಿಯುವ ಜಾಗದಲ್ಲೇ ಜನರ ದಿನದ ಬದುಕು ನಡೆಯುತ್ತದೆ. 1956ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೋಸೆ ಲೂಯಿ ಸರ್ಟ್ ಕರೆದ ಸಮ್ಮೇಳನದ ನಂತರ, ಆ ಜಾಗವನ್ನು ರೂಪಿಸುವ ನಗರ ವಿನ್ಯಾಸ ಪ್ರತ್ಯೇಕ ವ್ಯಾಸಂಗವಾಗಿ ಬೆಳೆಯಿತು. ಪತ್ರಕರ್ತೆ ಜೇನ್ ಜೇಕಬ್ಸ್ ಅದೇ ವೇದಿಕೆಯಲ್ಲಿ ಓಣಿಯ ಸಣ್ಣ ಅಂಗಡಿಗಳ ಪರವಾಗಿ ಮಾತಾಡಿದ್ದರು. ನಮ್ಮ ದೇಶದಲ್ಲಿ ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ದಶಕಗಳಿಂದ ಇದನ್ನು ಕಲಿಸುತ್ತಿವೆ. ಅದಕ್ಕೂ ಮೊದಲೇ, 1914ರ ನಂತರದ ವರ್ಷಗಳಲ್ಲಿ, ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಭಾರತದ ಹತ್ತಾರು ಊರುಗಳಲ್ಲಿ ಕಾಲ್ನಡಿಗೆಯಲ್ಲಿ ಅಲೆದು, ಹಳೆಯ ಓಣಿಗಳನ್ನು ಕೆಡವಿ ಅಗಲ ರಸ್ತೆ ಮಾಡುವ ಬದಲು ಒಂದೆರಡು ಪಾಳು ಮನೆಗಳನ್ನಷ್ಟೇ ತೆಗೆದು ಗಾಳಿ-ಬೆಳಕು ತರಬಹುದೆಂದು ವರದಿ ಬರೆದರು. ಅವರ ಆ ಕ್ರಮ ದೊಡ್ಡ ನಗರಕ್ಕಿಂತ ಲಕ್ಷ್ಮೇಶ್ವರದಂಥ ಊರಿಗೇ ಹೆಚ್ಚು ಒಪ್ಪುತ್ತದೆ.

ಈ ವಿದ್ಯೆ ಇಲ್ಲದೆ ಊರು ಕಟ್ಟಿದರೆ ಆಗುವ ನಷ್ಟವನ್ನು ಗದಗ ಜಿಲ್ಲೆ ಕಣ್ಣಾರೆ ಕಂಡಿದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ ಉತ್ತರ ಕರ್ನಾಟಕವನ್ನು ಮುಳುಗಿಸಿತು. ಮಲಪ್ರಭೆಯ ದಂಡೆಯ ರೋಣ, ನರಗುಂದ ಭಾಗದ ಹಳ್ಳಿಗಳಿಗೆ 'ಆಸರೆ' ಯೋಜನೆಯಡಿ ಎತ್ತರದ ಜಾಗದಲ್ಲಿ ಹೊಸ ಮನೆಗಳು ಎದ್ದವು. ಸರ್ಕಾರದ ಜೊತೆ ದಾನಿಗಳೂ ಕೈಜೋಡಿಸಿದರು. ಉದ್ದೇಶದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಅನೇಕ ಮನೆಗಳು ಬಾಗಿಲು ಹಾಕಿಕೊಂಡೇ ಉಳಿದವು, ಸುತ್ತ ಜಾಲಿ ಬೆಳೆಯಿತು. ರೈತನಿಗೆ ಮನೆ ಎಂದರೆ ಎತ್ತು ಕಟ್ಟುವ ಜಾಗ, ಬಣವೆ ಒಟ್ಟುವ ಹಿತ್ತಲು, ಕಾಳು ತುಂಬುವ ಮೂಲೆ, ಹೊಲಕ್ಕೆ ಹತ್ತಿರದ ದಾರಿ. ಒಂದೇ ಅಳತೆಯ ಕೋಣೆಗಳನ್ನು ನೇರ ಸಾಲಿನಲ್ಲಿ ನಿಲ್ಲಿಸಿದ ಬಡಾವಣೆಯಲ್ಲಿ ಇವಕ್ಕೆ ಎಡೆ ಇರಲಿಲ್ಲ. ಅಣ್ಣ-ತಮ್ಮಂದಿರ ಮನೆಗಳು ಬೇರೆ ಬೇರೆ ಸಾಲಿಗೆ ಹೋದವು, ಊರದೇವರ ಗುಡಿ ಹಳೆಯ ಊರಿನಲ್ಲೇ ಉಳಿಯಿತು. ಜನ ನದಿಯ ದಂಡೆಗೇ ಮರಳಿದರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ನರಗುಂದ ತಾಲ್ಲೂಕಿನ ಕೊಣ್ಣೂರಿನಂಥ ಊರುಗಳಿಗೆ ಮತ್ತೆ ನೀರು ಹೊಕ್ಕಿತು.

ಒಂದು ಊರನ್ನೇ ಎತ್ತಿ ಬೇರೆಡೆ ಇಡುವುದು ನಗರ ವಿನ್ಯಾಸದ ಅತ್ಯಂತ ಕಠಿಣ ಪರೀಕ್ಷೆ. ಆ ಪರೀಕ್ಷೆ ನಡೆದ ನೆಲದಲ್ಲಿ ಅದರ ಪಾಠವನ್ನು ಬರೆದಿಟ್ಟು ಮುಂದಿನವರಿಗೆ ಕಲಿಸುವ ಒಂದು ವಿಭಾಗ ಬೇಕು ಎಂಬುದು ಅರ್ಜಿದಾರರ ದೃಢವಾದ ಅಭಿಪ್ರಾಯ.

ಗದಗ-ಬೆಟಗೇರಿ ಅವಳಿ ನಗರದ ಮಾತು ಬೇರೆ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 1.72 ಲಕ್ಷ. 1884ರಲ್ಲಿ ಹೋಟಗಿಯಿಂದ ರೈಲು ಬಂದ ಮೇಲೆ ಹತ್ತಿ ಮತ್ತು ಎಣ್ಣೆಕಾಳಿನ ವ್ಯಾಪಾರ ಬೆಳೆಯಿತು, ಜಿನ್ನಿಂಗ್ ಕಾರ್ಖಾನೆಗಳು ಬಂದವು, ವಖಾರಗಳ ಸಾಲು ಎದ್ದಿತು. ಪೇಟೆಯ ಗದಗ ಒಂದು ಕಡೆ, ನೇಕಾರರ ಬೆಟಗೇರಿ ಇನ್ನೊಂದು ಕಡೆ. ವೀರನಾರಾಯಣ ಗುಡಿ, ತ್ರಿಕೂಟೇಶ್ವರ ಗುಡಿ, ತೋಂಟದಾರ್ಯ ಮಠ, ಭೀಷ್ಮ ಕೆರೆ ಎಲ್ಲವೂ ನಡೆದು ಹೋಗುವ ದೂರದಲ್ಲಿವೆ. ಆದರೆ ಒಂದರಿಂದ ಇನ್ನೊಂದಕ್ಕೆ ಮುದುಕರು, ಮಕ್ಕಳು ನೆಮ್ಮದಿಯಿಂದ ನಡೆಯುವ ಪಾದಚಾರಿ ಮಾರ್ಗ ಸಿಗುವುದು ಕಷ್ಟ. ಈಗ ತೆರವಾಗಿರುವ ಆ ವಖಾರ ಸಾಲಿನ ವಿಶಾಲ ಜಾಗದಲ್ಲಿ ಏನು ಬರಬೇಕೆಂಬ ಪ್ರಶ್ನೆ ವರ್ಷಗಳಿಂದ ಊರಿನ ಬಾಯಲ್ಲಿದೆ. ನಗರದ ನಟ್ಟನಡುವೆ ಇಂಥ ಜಾಗ ಯಾವ ಊರಿಗೂ ಪದೇ ಪದೇ ಸಿಗುವುದಿಲ್ಲ. ಇಪ್ಪತ್ತು ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಪೂರ್ತಿ ಅಲ್ಲಿ ಕೂತು, ವ್ಯಾಪಾರಿಗಳನ್ನೂ ಹಮಾಲರನ್ನೂ ಕೇಳಿ, ಹತ್ತು ಬಗೆಯ ನಕ್ಷೆ ಬಿಡಿಸಿ ನಗರದ ಟಾಂಗಾ ಕೂಟದಲ್ಲಿ ಪ್ರದರ್ಶನಕ್ಕಿಟ್ಟರೆ ಜನ ನಿಂತು ನೋಡುತ್ತಾರೆ, ವಾದ ಮಾಡುತ್ತಾರೆ, ತಿದ್ದುತ್ತಾರೆ. ನಿರ್ಧಾರ ಕೈಗೊಳ್ಳುವವರಿಗೂ ಅದು ನೆರವಾಗುತ್ತದೆ.

ಬೆಟಗೇರಿಯ ನೇಕಾರರ ಮನೆಯಲ್ಲಿ ಬದುಕಿಗೂ ದುಡಿಮೆಗೂ ಒಂದೇ ಸೂರು. ಮಗ್ಗಕ್ಕೆ ಉದ್ದನೆಯ ಜಾಗ, ಬೆಳಕು ಬೀಳುವ ದಿಕ್ಕು, ಹಾಸು ಹೂಡಲು ಮನೆಯ ಮುಂದೆ ಬಯಲು ಬೇಕು. ಇನ್ನು ನಲ್ಲಿ ನೀರು ಹಲವು ದಿನಕ್ಕೊಮ್ಮೆ ಬರುವ ಊರಿನಲ್ಲಿ ಪ್ರತಿ ಮನೆಯ ಮುಂದೆ ಬ್ಯಾರಲ್ಲು, ಸಿಂಟೆಕ್ಸ್, ನೆಲದೊಳಗೊಂದು ಟಾಕಿ. ಅರ್ಧ ಓಣಿಯನ್ನು ನೀರಿನ ಸಂಗ್ರಹವೇ ಹಿಡಿದಿದೆ. ಇದನ್ನು ಅತಿಕ್ರಮಣ ಎಂದು ಬರೆದುಕೊಂಡು ಹೋಗುವುದು ಸುಲಭ. ನೀರಿಗೆ ಓಣಿಯ ವಿನ್ಯಾಸದಲ್ಲೇ ಜಾಗ ಮಾಡಿಕೊಡುವುದು ಹೇಗೆಂದು ಕಲಿಸುವ ಪಠ್ಯವೇ ಇಲ್ಲಿಗೆ ಬೇಕಾದದ್ದು.

ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ, ಜೈನ ಬಸದಿಗಳು, ಆದಿಲಶಾಹಿ ಕಾಲದ ಮಸೀದಿ ಒಂದೇ ಊರಿನ ಹಳೆಯ ಓಣಿಗಳ ನಡುವೆ ಇವೆ. ಸ್ಮಾರಕದ ಬೇಲಿಯ ಆಚೆ ಇರುವ ಓಣಿಯೂ ಪರಂಪರೆಯೇ ಎಂದು ಅಲ್ಲಿ ಕಲಿಯಬಹುದು. ಲಕ್ಕುಂಡಿಯ ಮುಸುಕಿನ ಬಾವಿ ಮಳೆನೀರಿನ ಪಾಠ ಹೇಳುತ್ತದೆ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಕೆರೆ, ಹಕ್ಕಿ, ಹೊಲ, ಊರು ಒಂದಕ್ಕೊಂದು ತೊಡಕಾಗದಂತೆ ಅಂಚು ಕಟ್ಟುವುದು ಸಣ್ಣ ಕೆಲಸವಲ್ಲ. ಮುಂಡರಗಿಗೆ ಒಂದು ಬದಿ ತುಂಗಭದ್ರೆ, ಇನ್ನೊಂದು ಬದಿ 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಕಪ್ಪತಗುಡ್ಡ; ಇವೆರಡರ ನಡುವೆ ಊರು ಬೆಳೆಯುವುದು ಹೇಗೆಂಬುದೂ ಒಂದು ಪಾಠವೇ.

ಇಂಥ ಕೋರ್ಸಿಗೆ ಹಳ್ಳಿಯವರು ಅರ್ಜಿ ಹಾಕುವುದು ಕೆಲವರಿಗೆ ವಿಚಿತ್ರ ಅನಿಸಬಹುದು. ಕೋಟುಮಚಗಿಯ ಮಟ್ಟಿಗೆ ಹಾಗಲ್ಲ. ಕಲ್ಯಾಣದ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಇಲ್ಲಿನ ಶಾಸನ ಉಮ್ಮಚಿಗೆಯ, ಅಂದರೆ ಅಂದಿನ ಈ ಊರಿನ, ಅಗ್ರಹಾರವನ್ನು ಕುರಿತದ್ದು. ಪಾಠ ಹೇಳುವವರಿಗೆ ಭೂಮಿ ಬಿಟ್ಟದ್ದನ್ನು ಅದು ದಾಖಲಿಸುತ್ತದೆ. ಊರಿನೊಳಗೆ ಬೈಗುಳ, ಹೊಡೆದಾಟಕ್ಕೆ ತೆರಬೇಕಾದ ದಂಡವನ್ನೂ ಗೊತ್ತುಮಾಡುತ್ತದೆ. ಜನ ಕೂಡಿ ಬಾಳಲು ಕಟ್ಟಳೆ ಬೇಕು, ಕಲಿಸುವವರಿಗೆ ಆಸರೆ ಬೇಕು ಎಂಬ ಮಾತು ಈ ಊರಿಗೆ ಸಾವಿರ ವರ್ಷ ಹಳೆಯದು. ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದರು. ಹೊಸ ಸಂಸ್ಥೆಯೊಂದು ಗದಗ ತಾಲ್ಲೂಕಿನಲ್ಲಿ ಬೇರೂರೀತೇ ಎಂಬ ಅನುಮಾನಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ.

ದೇಶದ ಅಗತ್ಯವೂ ಇದನ್ನೇ ಹೇಳುತ್ತದೆ. ನೀತಿ ಆಯೋಗ 2021ರಲ್ಲಿ ಹೊರತಂದ ವರದಿಯ ಪ್ರಕಾರ ಭಾರತದ 7,933 ನಗರ ಪ್ರದೇಶಗಳಲ್ಲಿ ಸುಮಾರು ಶೇ. 65ಕ್ಕೆ ಮಾಸ್ಟರ್ ಪ್ಲಾನೇ ಇಲ್ಲ. ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ಸ್ಥಳೀಯ ಸಂಸ್ಥೆಗಳ 18 ಹೊಣೆಗಳಿವೆ. ನಗರ ಯೋಜನೆಯೇ ಅವುಗಳಲ್ಲಿ ಮೊದಲನೆಯದು. ಹೊಣೆ ಕೊಟ್ಟು ಮೂರು ದಶಕ ಕಳೆದರೂ ಅದನ್ನು ಹೊರುವ ಕೈಗಳನ್ನು ಸಣ್ಣ ಪುರಸಭೆಗಳಿಗೆ ಕೊಟ್ಟಿಲ್ಲ.

ಆದ್ದರಿಂದ ಅರ್ಜಿದಾರರು ಪರಿಷತ್ತಿನ ಮುಂದೆ ಇಡುವ ಮುಖ್ಯ ಬೇಡಿಕೆ ಇದು: ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಮತ್ತು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಜಂಟಿಯಾಗಿ ಎರಡು ವರ್ಷದ ನಗರ ವಿನ್ಯಾಸ ಸ್ನಾತಕೋತ್ತರ ಕೋರ್ಸನ್ನು ಗದಗದಲ್ಲಿ ನಡೆಸಬೇಕು. 2016ರ ಕಾಯ್ದೆಯಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯಕ್ಕೆ ಪಂಚಾಯಿತಿಗಳ ಒಡನಾಟವಿದೆ. 1998ರಿಂದ ಇರುವ ವಿಟಿಯುಗೆ ವಾಸ್ತುಶಿಲ್ಪ ಪಠ್ಯದ ಅನುಭವವಿದೆ. ಗಂಟೆ-ಒಂದೂವರೆ ಗಂಟೆಯ ದಾರಿಯ ಹುಬ್ಬಳ್ಳಿಯಲ್ಲಿ ವಾಸ್ತುಶಿಲ್ಪ ಕಲಿಸುವ ಅಧ್ಯಾಪಕರಿದ್ದಾರೆ. ವಾಸ್ತುಶಿಲ್ಪ ಪದವೀಧರರಿಗೆ ವಾಸ್ತುಶಿಲ್ಪ ಪರಿಷತ್ತಿನ ನಿಯಮದಂತೆ ಎಂ.ಆರ್ಕ್. ಪದವಿ ಇರಲಿ. ಜೊತೆಗೆ ಸಿವಿಲ್ ಎಂಜಿನಿಯರಿಂಗ್, ಭೂಗೋಳ, ಸಮಾಜಶಾಸ್ತ್ರ ಓದಿದವರಿಗೂ ಪುರಸಭೆಗಳಲ್ಲಿ ಕೆಲಸದಲ್ಲಿರುವ ಎಂಜಿನಿಯರುಗಳಿಗೂ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇರಬೇಕು. ರಸ್ತೆಯ ಎಸ್ಟಿಮೇಟ್ ಬರೆಯುವ ಕೈಗೆ ಈ ವಿದ್ಯೆ ಸಿಕ್ಕರೆ ಮೊದಲ ಲಾಭ ಓಣಿಗೇ.

ಪ್ರತಿ ಸೆಮಿಸ್ಟರಿನ ಸ್ಟುಡಿಯೊ ಕೆಲಸ ಈ ಸೀಮೆಯ ಒಂದು ನಿಜವಾದ ಊರಿನಲ್ಲೇ ನಡೆಯಬೇಕು ಎಂದೂ ಅವರು ಕೋರುತ್ತಾರೆ: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿ ಅಥವಾ ಶಿರಹಟ್ಟಿ, ಕೊನೆಗೆ ಕೋಟುಮಚಗಿಯಂಥ ಒಂದು ದೊಡ್ಡ ಹಳ್ಳಿ. ವಿದ್ಯಾರ್ಥಿಗಳು ತಮ್ಮ ಪ್ರಸ್ತಾವವನ್ನು ಗ್ರಾಮಸಭೆ ಅಥವಾ ವಾರ್ಡ್ ಸಭೆಯಲ್ಲಿ ಕನ್ನಡದಲ್ಲಿ ಮಂಡಿಸಿ ಜನರ ಪ್ರಶ್ನೆಗೆ ಉತ್ತರಿಸಬೇಕು, ಅದಕ್ಕೂ ಅಂಕ ಇರಬೇಕು. ಪ್ರಬಂಧ ಇಂಗ್ಲಿಷಿನಲ್ಲಿದ್ದರೆ ಕನ್ನಡದ ಸಾರ ಕಡ್ಡಾಯವಾಗಬೇಕು. ಅಳೆದ ನಕ್ಷೆಗಳ ಒಂದೊಂದು ಪ್ರತಿ ಆಯಾ ಊರಿನ ಗ್ರಂಥಾಲಯದಲ್ಲಿ ಉಳಿಯಬೇಕು. ಮಣ್ಣಿನ ಗೋಡೆ, ಕಲ್ಲಿನ ಕಟ್ಟಡ ಬಲ್ಲ ಗೌಂಡಿಗಳನ್ನು, ನೇಕಾರರನ್ನು ಗೌರವಧನ ಕೊಟ್ಟು ತರಗತಿಗೆ ಕರೆಯಬೇಕು. ಅವರ ತಿಳಿವಳಿಕೆ ಯಾವ ಪುಸ್ತಕದಲ್ಲೂ ಇಲ್ಲ.

ಶುಲ್ಕ ಸರ್ಕಾರಿ ದರದಲ್ಲಿರಲಿ. ಹೆಣ್ಣುಮಕ್ಕಳಿಗೆ ವಸತಿನಿಲಯ ಬೇಕೇ ಬೇಕು. ಎಷ್ಟೋ ಮನೆಗಳಲ್ಲಿ ವಾಸ್ತುಶಿಲ್ಪ ಮುಗಿಸಿದ ಮಗಳ ಮುಂದಿನ ಓದು ದೂರದ ಊರು ಎಂಬ ಒಂದೇ ಕಾರಣಕ್ಕೆ ನಿಲ್ಲುತ್ತದೆ. ಪದವಿ ಪಡೆದವರಿಗೆ ಜಿಲ್ಲೆಯ ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಒಂದು ವರ್ಷದ ವೇತನಸಹಿತ ಫೆಲೋಶಿಪ್ ಸಿಗುವಂತೆ ಪರಿಷತ್ತು ಸರ್ಕಾರಕ್ಕೆ ಶಿಫಾರಸು ಮಾಡಬೇಕು.

ಮುಂದಿನ ಶೈಕ್ಷಣಿಕ ವರ್ಷದೊಳಗೆ ಎರಡೂ ವಿಶ್ವವಿದ್ಯಾಲಯಗಳ ಅಧ್ಯಾಪಕರು, ನಗರ ಯೋಜನಾ ಇಲಾಖೆಯ ಅಧಿಕಾರಿಗಳು ಮತ್ತು ಸ್ಥಳೀಯ ಪ್ರತಿನಿಧಿಗಳಿರುವ ಒಂದು ಸಮಿತಿ ರಚಿಸಿ, ಅದರ ಮೊದಲ ಸಭೆಯನ್ನು ಕೋಟುಮಚಗಿಯಲ್ಲಿ ಕರೆಯಬೇಕೆಂದು ಅರ್ಜಿದಾರರು ವಿನಂತಿಸುತ್ತಾರೆ. ಸಭೆಗೆ ಬೇಕಾದ ಜಾಗ, ಊಟದ ವ್ಯವಸ್ಥೆ ಊರಿನವರದು. ಸಮಿತಿಯ ಸದಸ್ಯರು ಮಳೆಗಾಲದಲ್ಲೇ ಬರಲಿ, ಓಣಿಯಲ್ಲಿ ಒಂದು ಸುತ್ತು ನಡೆದು ನೋಡಲಿ.

ಇಂತಿ,
ಕೋಟುಮಚಗಿ ಹಾಗೂ ಸುತ್ತಲಿನ ಊರುಗಳ ಅರ್ಜಿದಾರರು