ಮೇಲಿನ ಊರಿನ ಋಣ

ನ್ಯೂಜೆರ್ಸಿಯ ನಮ್ಮೂರು ಪಾರ್ಸಿಪನಿಯಿಂದ 287ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಪಕ್ಕದಲ್ಲೇ ಒಂದು ದೊಡ್ಡ ಜಲಾಶಯ ಕಾಣುತ್ತದೆ. ಹೊಸದಾಗಿ ಬಂದ ಕನ್ನಡದವರು ಅದನ್ನು ಊರ ಕೆರೆಯೆಂದೇ ತಿಳಿಯುತ್ತಾರೆ, ಮೊದಮೊದಲು ನಾನೂ ಹಾಗೇ ತಿಳಿದಿದ್ದೆ. ಅದರ ಹೆಸರು ಜೆರ್ಸಿ ಸಿಟಿ ಜಲಾಶಯ. ನಮ್ಮೂರಿಗೂ ಪಕ್ಕದ ಬೂಂಟನ್ನಿಗೂ ನಡುವೆ ನಿಂತ ಆ ನೀರು ಸುಮಾರು 23 ಮೈಲಿ ಆಚೆಗಿನ ಜೆರ್ಸಿ ಸಿಟಿಯ ನಲ್ಲಿಗಳಿಗೆ ಹೋಗುತ್ತದೆ. ನಮ್ಮ ಮನೆಗಳಿಗೆ ಬರುವುದು ಹೆಚ್ಚಾಗಿ ಕೊಳವೆಬಾವಿಗಳ ನೀರು.

ನಾವು ಬಚ್ಚಲಿಗೆ ಬಿಟ್ಟದ್ದು ಊರಿನ ಶುದ್ಧೀಕರಣ ಘಟಕದಲ್ಲಿ ಹಾದು ವಿಪನಿ ನದಿಗೆ ಸೇರುತ್ತದೆ. ಜಲಾಶಯದಿಂದ ಕೆಳಗಿಳಿದ ರಾಕವೇ ನದಿ ಮುಂದೆ ವಿಪನಿಯನ್ನು ಕೂಡಿಕೊಳ್ಳುತ್ತದೆ, ಎರಡೂ ಸೇರಿ ಪಸೇಯಿಕ್ ನದಿಯೊಳಗೆ ಇಲ್ಲವಾಗುತ್ತವೆ. ಲಿಟ್ಲ್ ಫಾಲ್ಸ್ ಎಂಬಲ್ಲಿ ಆ ನದಿಯಿಂದ ಕುಡಿಯುವ ನೀರೆತ್ತುತ್ತಾರೆ. ಉಳಿದದ್ದು ಪ್ಯಾಟರ್ಸನ್ನಿನಲ್ಲಿ 77 ಅಡಿ ಧುಮುಕಿ, ನೂವರ್ಕ್ ನಗರವನ್ನು ಬಳಸಿ, ನೂವರ್ಕ್ ಕೊಲ್ಲಿಗೆ, ಅಲ್ಲಿಂದ ನ್ಯೂಯಾರ್ಕ್ ಬಂದರಿಗೆ ಹೋಗುತ್ತದೆ. ಆ ಕೊಲ್ಲಿಯಲ್ಲಿ ಮಾಲಿನ್ಯದಿಂದಾಗಿ ನೀಲಿ ಏಡಿ ಹಿಡಿಯುವುದಕ್ಕೆ ನಿಷೇಧವಿದೆ.

ಕಳೆದ ಸಲ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದಾಗ ಈ ನದಿಗಳನ್ನು ಶುಚಿ ಮಾಡುವ ಖರ್ಚಿನ ಮಾತು ಬಂತು. ಹಾಸನದ ಕಡೆಯ ಹಿರಿಯರೊಬ್ಬರು ಕೇಳಿದರು: "ಮನೆ ತೆರಿಗೆ ಕಟ್ಟಿ ಕಟ್ಟಿ ಸಾಕಾಗಿದೆ ಕಣಮ್ಮ. ನೂವರ್ಕಿನ ಏಡಿ ಬದುಕಿದರೆಷ್ಟು, ಸತ್ತರೆಷ್ಟು? ಹೊಲಸು ಮಾಡಿದವನು ತೊಳೆಯಲಿ. ನಾವ್ಯಾಕೆ ದುಡ್ಡು ಕೊಡಬೇಕು?" ನಿವೃತ್ತಿಯ ಹಣದಲ್ಲಿ ಬದುಕುವವರ ಈ ಮಾತನ್ನು ಸ್ವಾರ್ಥ ಎಂದು ತಳ್ಳಿಹಾಕಲು ನನ್ನಿಂದಾಗದು. ಮನೆ ತೆರಿಗೆಯಲ್ಲಿ ನ್ಯೂಜೆರ್ಸಿ ಇಡೀ ಅಮೆರಿಕದಲ್ಲೇ ಮುಂದಿದೆ. ಆದರೂ ಅವರ ಮಾತು ತಪ್ಪು ಅನ್ನುವುದು ನನ್ನ ನಂಬಿಕೆ. ಏಕೆಂದು ಹೇಳಬೇಕಾದರೆ ಅದೇ ಜಲಾಶಯದ ಕಥೆಗೆ ಹೋಗಬೇಕು.

1904ರಲ್ಲಿ ಇಲ್ಲಿಂದ ಜೆರ್ಸಿ ಸಿಟಿಗೆ ನೀರು ಹರಿಯಿತು. ಶುದ್ಧವಾದ, ಆರೋಗ್ಯಕರವಾದ ನೀರು ಕೊಡುತ್ತೇವೆಂದು ಖಾಸಗಿ ಕಂಪನಿ ಕರಾರು ಬರೆದುಕೊಟ್ಟಿತ್ತು. ಆದರೆ ರಾಕವೇ ಕಣಿವೆಯ ಮೇಲಿನ ಊರುಗಳ ಹೊಲಸು ಮಳೆ ಬಂದಾಗಲೆಲ್ಲ ಜಲಾಶಯಕ್ಕೆ ಇಳಿಯುತ್ತಿತ್ತು. ನಗರದವರು ನ್ಯಾಯಾಲಯಕ್ಕೆ ಹೋದರು. ಕಂಪನಿ ಮೇಲಿನ ಊರುಗಳಿಗೆ ಒಳಚರಂಡಿ ಕಟ್ಟಿಸಲಿ ಎಂಬುದು ಅವರ ಪಟ್ಟು. ಆ ಖರ್ಚು ದೊಡ್ಡದು. ಕಂಪನಿಗೆ ಸಲಹೆಗಾರರಾಗಿದ್ದ ಡಾ. ಜಾನ್ ಲೀಲ್ ಬೇರೆ ದಾರಿ ತೋರಿಸಿದರು: ನೀರಿಗೆ ಒಂದಿಷ್ಟು ಕ್ಲೋರಿನ್ ಪುಡಿ ಬೆರೆಸುವುದು. ಯಂತ್ರ ವ್ಯವಸ್ಥೆಯನ್ನು ರೂಪಿಸಿದವರು ಎಂಜಿನಿಯರ್ ಜಾರ್ಜ್ ಫುಲ್ಲರ್. 1908ರ ಸೆಪ್ಟೆಂಬರ್ 26ರಂದು ಅದು ಶುರುವಾಯಿತು. ಒಂದು ಊರಿನ ನೀರಿಗೆ ಬಿಡುವಿಲ್ಲದೆ ಕ್ಲೋರಿನ್ ಹಾಕಿದ್ದು ಅಮೆರಿಕದಲ್ಲಿ ಅದೇ ಮೊದಲು. 1910ರಲ್ಲಿ ನ್ಯಾಯಾಲಯವೂ ಒಪ್ಪಿಕೊಂಡಿತು.

ಆಮೇಲೆ ಊರೂರಿಗೆ ಹಬ್ಬಿದ ಈ ಕ್ರಮದಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ನನ್ನ ಅಜ್ಜಿ ಹೇಳುತ್ತಿದ್ದ ಕಾಲರಾ ಕಥೆಗಳನ್ನು ಕೇಳಿ ಬೆಳೆದವಳಾದ್ದರಿಂದ ಲೀಲ್ ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅಂದು ಇನ್ನೂ ಒಂದು ತೀರ್ಮಾನವಾಯಿತು. ಕುಡಿಯುವವರ ಬಾಯಿಗೆ ಬರುವ ಹೊತ್ತಿಗೆ ನೀರು ಶುದ್ಧವಾದರೆ ಸಾಕು, ನದಿ ಹೇಗಾದರೂ ಇರಲಿ ಎಂಬುದು. ರೋಗಾಣುಗಳೇನೋ ಸತ್ತವು. ನದಿಯ ಹೊಲಸು ಹಾಗೇ ಉಳಿಯಿತು. ಕೊನೆಗೆ ಜೆರ್ಸಿ ಸಿಟಿಯೇ ಮೇಲಿನ ಊರುಗಳಿಗೆ ಒಳಚರಂಡಿಯ ಕೊಳವೆ ಎಳೆಸಿ, ಅಣೆಕಟ್ಟೆಯ ಕೆಳಗೆ ಘಟಕ ಕಟ್ಟಿಸಬೇಕಾಯಿತು. ಊರುಗಳು ಬೆಳೆದವು, ಘಟಕ ತಾಳಲಿಲ್ಲ. 1968ರಲ್ಲಿ ಹೊಸ ಮನೆಗಳಿಗೆ ಸಂಪರ್ಕ ಕೊಡಬಾರದೆಂದು ನ್ಯಾಯಾಲಯ ತಡೆಹಾಕಿತು. ತಪ್ಪಿಸಿಕೊಂಡೆವೆಂದುಕೊಂಡ ಖರ್ಚು ದೊಡ್ಡದಾಗಿ ವಾಪಸು ಬಂತು.

ಇದಕ್ಕೆ ಎದುರಾದ ಉದಾಹರಣೆ ಹಡ್ಸನ್ ನದಿಯಾಚೆಗೇ ಇದೆ. 1997ರಲ್ಲಿ ನ್ಯೂಯಾರ್ಕ್ ನಗರ ತನ್ನ ನೀರಿನ ಮೂಲವಾದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಊರುಗಳೊಡನೆ ಒಪ್ಪಂದ ಮಾಡಿಕೊಂಡಿತು. ಬೆಟ್ಟದ ರೈತರ ಕೊಟ್ಟಿಗೆಯ ಗಂಜಲ ಹೊಳೆಗೆ ಇಳಿಯದಂತೆ ಮಾಡಲು, ಮನೆಗಳ ಸೆಪ್ಟಿಕ್ ಟ್ಯಾಂಕ್ ರಿಪೇರಿಗೆ, ಕಾಡು ಕೊಂಡು ಉಳಿಸಲು ನಗರದ ಹಣ ಹೋಗುತ್ತದೆ. ಇದನ್ನು ಮಾಡದಿದ್ದರೆ ಸೋಸುವ ಘಟಕವೊಂದಕ್ಕೇ ಹಲವು ನೂರು ಕೋಟಿ ಡಾಲರ್ ಸುರಿಯಬೇಕಿತ್ತು.

ಹೊಲಸು ಮಾಡಿದವನೇ ತೊಳೆಯಲಿ ಅನ್ನುವುದು ನ್ಯಾಯವೇ. ಯಾರು ಮಾಡಿದ್ದೆಂದು ಗೊತ್ತಿದ್ದರೆ ಮಾತ್ರ ಅದು ನಡೆಯುತ್ತದೆ, ಗೊತ್ತಿದ್ದರೂ ಬೇಗ ನಡೆಯುವುದಿಲ್ಲ. ನೂವರ್ಕಿನ ನದಿದಂಡೆಯ ಡೈಮಂಡ್ ಆಲ್ಕಲಿ ಕಾರ್ಖಾನೆಯಲ್ಲಿ ವಿಯೆಟ್ನಾಂ ಯುದ್ಧಕ್ಕೆ ಏಜೆಂಟ್ ಆರೆಂಜ್ ಎಂಬ ಸಸ್ಯನಾಶಕ ತಯಾರಾಗುತ್ತಿತ್ತು. ಅಲ್ಲಿ ಡಯಾಕ್ಸಿನ್ ಎಂಬ ವಿಷ ಸಿಕ್ಕಿದ್ದು 1983ರಲ್ಲಿ. ಪಸೇಯಿಕ್ ನದಿಯ ಕೊನೆಯ 8.3 ಮೈಲಿ ಶುಚಿ ಮಾಡುವ 138 ಕೋಟಿ ಡಾಲರಿನ ಯೋಜನೆ ನಿಗದಿಯಾದದ್ದು 2016ರಲ್ಲಿ. ಅದೇ ವರ್ಷ ಹೊಣೆ ಹೊರಬೇಕಾದ ಕಂಪನಿಗಳಲ್ಲೊಂದು ದಿವಾಳಿ ಅರ್ಜಿ ಹಾಕಿತು.

ಇನ್ನು ಉಳಿದ ಹೊಲಸಿಗೆ ಹೆಸರೇ ಇಲ್ಲ. ಹಿಮ ಕರಗುವ ಮಾರ್ಚಿನಲ್ಲಿ ನಮ್ಮ ಬೀದಿ ಚರಂಡಿಯ ಕಬ್ಬಿಣದ ಜಾಲರಿಯ ಬಳಿ ನಿಂತು ನೋಡಿದ್ದೇನೆ. ರಸ್ತೆಗೆ ಎರಚಿದ ಉಪ್ಪು ಅಂಚಿನಲ್ಲಿ ಬೆಳ್ಳಗೆ ಬರೆ ಎಳೆದಿರುತ್ತದೆ. ಕರಗಿದ ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ, ಕೊಳೆತ ಎಲೆ, ಟೈರು ಸವೆದ ಕಪ್ಪು ಪುಡಿ, ಒಂದು ಸಿಗರೇಟಿನ ತುಂಡು. ಬೇಸಿಗೆಯಲ್ಲಾದರೆ ಹುಲ್ಲುಹಾಸಿನ ಗೊಬ್ಬರ. ಅದೆಲ್ಲ ಯಾವ ಘಟಕಕ್ಕೂ ಹೋಗದೆ ನೇರ ಹಳ್ಳಕ್ಕೆ ಬೀಳುತ್ತದೆ. ನೀರಲ್ಲಿ ಕರಗಿದ ಉಪ್ಪನ್ನು ಕುಡಿಯುವ ನೀರಿನ ಮಾಮೂಲಿ ಘಟಕಗಳೂ ತೆಗೆಯಲಾರವು. ಇದರಲ್ಲಿ ನನ್ನ ಕಾರಿನ ಪಾಲೆಷ್ಟು, ಪಕ್ಕದ ಮನೆಯವರದೆಷ್ಟು? ನ್ಯೂಜೆರ್ಸಿಯ 2011ರ ಕಾಯ್ದೆ ಹುಲ್ಲುಹಾಸಿಗೆ ರಂಜಕದ ಗೊಬ್ಬರ ಹಾಕುವುದನ್ನು ಬಹುಮಟ್ಟಿಗೆ ತಡೆದದ್ದು ಒಳ್ಳೆಯದಾಯಿತು. ಟೈರಿನ ಪುಡಿಗೆ ಅಂಥ ಕಾಯ್ದೆ ಮಾಡುವುದು ಸುಲಭವಲ್ಲ. ಎಲ್ಲರೂ ಸೇರಿ ಮಾಡಿದ್ದನ್ನು ಎಲ್ಲರ ಬೊಕ್ಕಸದಿಂದಲೇ ಸರಿಪಡಿಸಬೇಕು.

ಆ ಹಣ ಯಾವ ರೂಪದಲ್ಲಿ ಬರುತ್ತದೆ ಎಂಬುದೂ ಮುಖ್ಯ. 1972ರ ಶುದ್ಧ ಜಲ ಕಾಯ್ದೆಯಡಿ ಊರುಗಳ ಘಟಕಗಳ ವೆಚ್ಚದಲ್ಲಿ ನೂರಕ್ಕೆ 75ರಷ್ಟನ್ನು ಕೇಂದ್ರ ಸರ್ಕಾರವೇ ಕೊಡುತ್ತಿತ್ತು. 1987ರ ತಿದ್ದುಪಡಿಯಿಂದ ಅದು ಹಂತಹಂತವಾಗಿ ಸಾಲವಾಯಿತು. ಘಟಕಕ್ಕೆ ಸಾಲ ಸರಿ, ಮನೆಮನೆಯ ಬಿಲ್ಲಿನಲ್ಲಿ ತೀರುತ್ತದೆ. ನಮ್ಮೂರಿನ ಟ್ರಾಯ್ ಮೆಡೋಸ್ ಎಂಬ ಜೌಗು ಮಳೆನೀರನ್ನು ಹೀರಿ, ತಂಗಿಸಿ, ಹೂಳು ಇಳಿಸಿ ಮುಂದೆ ಬಿಡುತ್ತದೆ. ಆ ಜೌಗು ಯಾರಿಗೆ ಬಿಲ್ಲು ಕಳಿಸುತ್ತದೆ? ಹಳ್ಳದ ದಂಡೆಗೆ ನೆಟ್ಟ ಗಿಡ ಸಾಲ ತೀರಿಸುವುದಿಲ್ಲ. ಅಂಥ ಕೆಲಸಕ್ಕೆ ಅನುದಾನವೇ ಆಗಬೇಕು, ವರ್ಷ ವರ್ಷವೂ ಆಗಬೇಕು.

ಹಾಗೆ ಕೊಟ್ಟ ಹಣ ನೀರಿಗೇ ಹೋಗುತ್ತದೆಂದು ಏನು ಖಾತರಿ ಅಂದರು ಹಿರಿಯರು. ಆ ಅನುಮಾನಕ್ಕೆ ಕಾರಣವಿದೆ. ಪಸೇಯಿಕ್ ಮಾಲಿನ್ಯಕ್ಕಾಗಿ ಕಂಪನಿಗಳಿಂದ ರಾಜ್ಯಕ್ಕೆ ಬಂದ ಪರಿಹಾರದ ಬಹುಭಾಗ ಸಾಮಾನ್ಯ ಬಜೆಟ್ಟಿನಲ್ಲಿ ಕರಗಿಹೋಯಿತು. 2017ರ ನವೆಂಬರಿನಲ್ಲಿ ನ್ಯೂಜೆರ್ಸಿಯ ಮತದಾರರು ರಾಜ್ಯ ಸಂವಿಧಾನವನ್ನೇ ತಿದ್ದಿ, ಅಂಥ ಹಣ ಪರಿಸರದ ಕೆಲಸಕ್ಕೇ ಸಲ್ಲಬೇಕೆಂದು ಕಟ್ಟುಮಾಡಿದರು. ನನಗೆ ನಮ್ಮ ಕನ್ನಡನಾಡಿನ ಶಿಲಾಶಾಸನಗಳು ನೆನಪಾದವು. ಕೆರೆ ಕಟ್ಟಿಸಿದವರು ಅದರ ಮೇಲ್ವಿಚಾರಣೆಗೆಂದು ಬಿತ್ತುವಟ್ಟ, ಕೆರೆಗೊಡಗೆ ಎಂಬ ದತ್ತಿಗಳನ್ನು ಬಿಡುತ್ತಿದ್ದರು. ಅದನ್ನು ಕಲ್ಲಿನಲ್ಲಿ ಕೆತ್ತಿಸಿ, ಕೆಡಿಸಿದವನಿಗೆ ಶಾಪವನ್ನೂ ಬರೆಸುತ್ತಿದ್ದರು. ಕಟ್ಟುವ ಹಣಕ್ಕಿಂತ ಕಾಯುವ ಹಣ ಬೇಗ ಬೇರೆ ಕಡೆ ಹರಿಯುತ್ತದೆಂದು ಅವರಿಗೆ ಗೊತ್ತಿತ್ತು.

ಬೆಂಗಳೂರೂ ಮೇಲಿನ ಊರೇ. ಅದರ ಕೊಳೆಯನ್ನು ವೃಷಭಾವತಿ ಬೈರಮಂಗಲದ ಕೆರೆಗೆ ಹೊತ್ತೊಯ್ಯುತ್ತದೆ, ಅಲ್ಲಿಂದ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಬೈರಮಂಗಲದ ರೈತರು ಆ ನೀರಲ್ಲೇ ಬೇಸಾಯ ಮಾಡಬೇಕು. ನಗರದವರು ಕಟ್ಟುವ ತೆರಿಗೆಯ ಮೇಲೆ ಆ ರೈತರಿಗೆ ಹಕ್ಕಿದೆ ಎಂದು ನಾನು ಒಪ್ಪುವುದಾದರೆ, ನನ್ನ ತೆರಿಗೆಯ ಮೇಲೆ ನೂವರ್ಕಿನವರಿಗೂ ಹಕ್ಕಿದೆ.

ನ್ಯೂಜೆರ್ಸಿಯ 2019ರ ಕಾಯ್ದೆಯೊಂದು ಮಳೆನೀರಿನ ನಿರ್ವಹಣೆಗೆ ಬೇರೆ ಶುಲ್ಕ ವಿಧಿಸಲು ಊರುಗಳಿಗೆ ಅಧಿಕಾರ ಕೊಟ್ಟಿದೆ. ವಿರೋಧಿಗಳು ಅದನ್ನು ಮಳೆ ತೆರಿಗೆ ಅಂದರು. ಆದರೆ ಇಂಥ ಶುಲ್ಕ ನಿಲ್ಲುವುದು ನೀರು ಇಂಗದಂತೆ ಮುಚ್ಚಿದ ನೆಲದ ಅಳತೆಯ ಮೇಲೆ. ನಮ್ಮ ಹಿರಿಯರ ಮನೆಯ ಸೂರು ಚಿಕ್ಕದು. 10ನೇ ರಸ್ತೆಯಲ್ಲಿ, 46ನೇ ರಸ್ತೆಯಲ್ಲಿ ಕಚೇರಿಗಳ ಮುಂದೆ ಹಾಸಿದ ಡಾಂಬರು ಎಕರೆಗಟ್ಟಲೆ. ಮನೆಯ ಬೆಲೆ ನೋಡಿ ಹಾಕುವ ತೆರಿಗೆಗಿಂತ ಈ ಲೆಕ್ಕ ಅವರಿಗೇ ಹಗುರ ಎಂದು ಕಾಗದದ ಕರವಸ್ತ್ರದ ಮೇಲೆ ಗೀಚಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. "ಆ ದುಡ್ಡಿಗೆ ಬೇರೆ ಖಾತೆ ಇಡ್ತಾರೇನಮ್ಮ?" ಅಂದರು. ಊರಿನ ಸಭೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಅಂದೆ. "ಹಾಗಾದರೆ ಮುಂದಿನ ಸಭೆಗೆ ನನ್ನನ್ನೂ ಕರ್ಕೊಂಡು ಹೋಗು" ಅಂದು ಆ ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು.