ಲೇಸರ್ ತಾಲ್ಲೂಕಿಗೆ ಬರಲಿ

ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ, ಅಂದರೆ ರೆಟಿನಾ, ಕೆಟ್ಟವರಿಗೆ ಇಂದು ಚಿಕಿತ್ಸೆಗಳಿಗೇನೂ ಬರವಿಲ್ಲ. ಲೇಸರ್ ಇದೆ, ಕಣ್ಣೊಳಗೆ ಕೊಡುವ ಇಂಜೆಕ್ಷನ್ ಇದೆ, ರಕ್ತ ತುಂಬಿಕೊಂಡರೆ ಅಥವಾ ಪರದೆ ಕಿತ್ತುಬಂದರೆ ವಿಟ್ರೆಕ್ಟಮಿ ಶಸ್ತ್ರಚಿಕಿತ್ಸೆ ಇದೆ. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ರೋಗಿಗೆ ಯಾವುದು ಮೇಲು ಎಂದು ಹೇಳುವಾಗ ಔಷಧದ ಗುಣವನ್ನಷ್ಟೇ ನೋಡಿದರೆ ಸಾಲದು, ಆತ ಮತ್ತೆ ಮತ್ತೆ ಬರಬಲ್ಲನೇ ಎಂದೂ ನೋಡಬೇಕು. ತೊಗರಿ ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವವರು, ಒಂದು ದಿನದ ಕೂಲಿ ಬಿಟ್ಟು ಕಲಬುರಗಿಗೋ ಸೊಲ್ಲಾಪುರಕ್ಕೋ ಬಸ್ಸು ಹತ್ತುವವರು ಇಲ್ಲಿಯ ಜನ. ರೆಟಿನಾದ ಮೇಲೆ ಹೊಸ ರಕ್ತನಾಳಗಳು ಚಿಗುರುವ ಹಂತದಲ್ಲಿ ಇವರಿಗೆ ಮೊದಲು ಸಿಗಬೇಕಾದ್ದು ಲೇಸರ್, ಅದೂ ತಾಲ್ಲೂಕು ಆಸ್ಪತ್ರೆಯಲ್ಲೇ.

ಹಳೆಯ ಲೇಸರನ್ನು ಹಳ್ಳಿಗರಿಗೆ, ಹೊಸ ಇಂಜೆಕ್ಷನ್ನನ್ನು ಪಟ್ಟಣದವರಿಗೆ ಹಂಚುವುದು ನ್ಯಾಯವೇ ಎಂಬ ಆಕ್ಷೇಪ ಬರುತ್ತದೆ. ಗಂಭೀರವಾದ ಆಕ್ಷೇಪವೇ. ಹೊಸ ರಕ್ತನಾಳ ಚಿಗುರುವ ಈ ಹಂತದಲ್ಲಿ ಇಂಜೆಕ್ಷನ್ ಲೇಸರಿಗಿಂತ ಕಡಿಮೆಯಲ್ಲವೆಂದು 2015ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಆದರೆ ಅಲ್ಲಿ ಭಾಗವಹಿಸಿದವರು ಎರಡು ವರ್ಷ ತಪ್ಪದೆ ತಪಾಸಣೆಗೆ ಬರಬೇಕಿತ್ತು. ಬಾರದವರ ಗತಿಯೇನು? 2019ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಆರು ತಿಂಗಳಿಗೂ ಹೆಚ್ಚು ಕಾಲ ಕಾಣೆಯಾಗಿ ಮರಳಿದ ರೋಗಿಗಳ ಕಣ್ಣುಗಳನ್ನು ಹೋಲಿಸಿ ನೋಡಿದರು. ಬರೀ ಇಂಜೆಕ್ಷನ್ ಪಡೆದಿದ್ದ ಗುಂಪಿನಲ್ಲಿ ಹತ್ತು ಕಣ್ಣುಗಳ ರೆಟಿನಾ ಎಳೆತಕ್ಕೆ ಸಿಕ್ಕಿ ಕಿತ್ತುಬಂದಿತ್ತು, ಲೇಸರ್ ಪಡೆದವರಲ್ಲಿ ಒಂದೇ ಒಂದು. ಔಷಧದ ಬಲ ಕೆಲವು ವಾರಗಳಲ್ಲಿ ಇಳಿಯುತ್ತದೆ, ಲೇಸರಿನ ಗುರುತು ಉಳಿಯುತ್ತದೆ. ಪಾಪೆ ಹಿಗ್ಗಲು ಹನಿ ಹಾಕಿ, ಗದ್ದವನ್ನು ಯಂತ್ರದ ಮೇಲಿಡಿಸಿ, ರೆಟಿನಾದ ಅಂಚಿನಲ್ಲಿ ನೂರಾರು ಸಣ್ಣ ಚುಕ್ಕಿಗಳನ್ನು ಸುಡುತ್ತಾರೆ. ಎರಡು ಮೂರು ಸಲಕ್ಕೆ ಮುಗಿಯುತ್ತದೆ, ಅಂದೇ ಮನೆಗೆ ಹೋಗಬಹುದು. ಪಕ್ಕದ ನೋಟ ಒಂದಿಷ್ಟು ಕಿರಿದಾಗುವುದು, ಕತ್ತಲಲ್ಲಿ ಮಬ್ಬಾಗುವುದು ನಿಜ. ರೋಗಿಗೆ ಇದನ್ನು ಮೊದಲೇ ಹೇಳಬೇಕು. ಇನ್ನು ರೆಟಿನಾದ ನಡುಭಾಗ ಊದಿಕೊಂಡು ದೃಷ್ಟಿ ಕುಂದಿದವರಿಗೆ ಇಂಜೆಕ್ಷನ್ನೇ ಬೇಕು. ಅಂಥವರಿಗೆ ಸರ್ಕಾರ ಔಷಧದ ಜೊತೆಗೆ ಬಸ್ ಖರ್ಚನ್ನೂ ಕೊಡಬೇಕು.

ಇದೆಲ್ಲ ರೋಗ ಗೊತ್ತಾದ ಮೇಲಿನ ಮಾತು. ನಮ್ಮ ದೇಶದ ಮಧುಮೇಹಿಗಳಲ್ಲಿ ಶೇ 12.5ರಷ್ಟು ಮಂದಿಗೆ ರೆಟಿನಾ ತೊಂದರೆ ಇದೆಯೆಂದು 2022ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಹೇಳಿತು. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯ ಮೊದಲ ಹಂತದಲ್ಲೇ ಕಲಬುರಗಿ ಜಿಲ್ಲೆಯಿತ್ತು. ಮನೆಮನೆಗೆ ಹೋಗಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ರೆಟಿನಾದಲ್ಲಿ ರಕ್ತನಾಳ ಚಿಗುರುತ್ತಿರುವಾಗಲೂ ರೋಗಿ ಅಕ್ಷರದ ಚಾರ್ಟನ್ನು ಕೊನೆಯ ಸಾಲಿನವರೆಗೆ ಓದಬಲ್ಲ. ಆದ್ದರಿಂದ ಶುಗರ್ ಗುಳಿಗೆ ಕೊಡುವ ಕಡೆಯೇ ರೆಟಿನಾದ ಫೋಟೊ ತೆಗೆಯುವ ಕ್ಯಾಮೆರಾ ಇರಬೇಕು. ತಜ್ಞರು ತಾಲ್ಲೂಕಿನಲ್ಲಿ ನಿಲ್ಲುವುದಿಲ್ಲ ಎನ್ನುವವರಿಗೆ ಉತ್ತರ ಈ ಭಾಗದಲ್ಲೇ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಉತ್ತರ ಕರ್ನಾಟಕದ ಆಸ್ಪತ್ರೆಗಳಿಗೂ ಬಂದರು, ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ರೆಟಿನಾ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸಿದರು. ಕೂಸುಗಳಿಗೆ ಸಾಧ್ಯವಾದದ್ದು ದೊಡ್ಡವರಿಗೂ ಸಾಧ್ಯ. ಕಲಬುರಗಿಯಿಂದ ಲೇಸರ್ ಯಂತ್ರ ಮತ್ತು ವೈದ್ಯರು ತಿಂಗಳಿಗೊಂದು ಗೊತ್ತಾದ ದಿನ ಈ ಮೂರೂ ತಾಲ್ಲೂಕು ಆಸ್ಪತ್ರೆಗಳಿಗೆ ಬರಲಿ, ಮೊದಲ ಸುತ್ತು ಜನ ಗುಳೆ ಹೊರಡುವ ಮೊದಲೇ ಮುಗಿಯಲಿ.