ಜೋಯಿಡಾದ ಬಿದಿರು ತೊಲೆಯಾಗೋದು ಯಾವಾಗ?

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಸ್ಥಾಪನೆಯಾದದ್ದು ಕಾಡಿನ ಬಿದಿರನ್ನು ನಂಬಿಕೊಂಡು. ಸರ್ಕಾರ ಅದಕ್ಕೆ ಬಿದಿರು ಕೊಟ್ಟ ದರ ಟನ್ನಿಗೆ ಒಂದೂವರೆ ರೂಪಾಯಿ ಅಂತ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಹೌದು, ಟನ್ನಿಗೆ! ಬುಟ್ಟಿ ಹೆಣೆಯುವ ಮೇದಾರರು ಮಾತ್ರ ಪೇಟೆ ದರ ಕೊಡಬೇಕಿತ್ತು.

ಈಗ ಅದೇ ಬಿದಿರಿನಿಂದ ಮನೆಯ ತೊಲೆ, ಕಂಬ ಮಾಡಬಹುದು. ನಾನು ಓದಿದ ಇಂಜಿನಿಯರಿಂಗ್‌ ಪುಸ್ತಕಗಳಲ್ಲಿ ಬಿದಿರು ಇರಲೇ ಇಲ್ಲ, ಅದು ಬೇರೆ ಮಾತು. ಬಿದಿರನ್ನು ಸೀಳಿ, ಹುಳ ಹಿಡಿಯದಂತೆ ಬೋರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರಲ್ಲಿ ನೆನೆಸಿ, ಒಣಗಿಸಿ, ಅಂಟು ಹಚ್ಚಿ, ಬಿಸಿ ಪ್ರೆಸ್‌ನಲ್ಲಿ ಒತ್ತಬೇಕು. ಉದ್ದಕ್ಕೆ ಎಳೆದರೆ ಬಿದಿರು ಬಲು ಗಟ್ಟಿ; ಸೋಲೋದು ಜೋಡಣೆಯಲ್ಲಿ, ಮೊಳೆ ಹೊಡೆದರೆ ಸೀಳುತ್ತೆ. ಅದಕ್ಕೇ ಕಾರ್ಖಾನೆ, ಪರೀಕ್ಷೆ ಎರಡೂ ಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬಿದಿರಿಗೆ ಪ್ರತ್ಯೇಕ ವಿಭಾಗವೇ ಇದೆ.

ತೊಡಕಿರೋದು ಒಡೆತನದಲ್ಲಿ. 2017ರ ತಿದ್ದುಪಡಿ ಕಾಡಿನ ಹೊರಗಿನ ಬಿದಿರನ್ನು ‘ಮರ’ದ ವ್ಯಾಖ್ಯೆಯಿಂದ ತೆಗೆಯಿತು. ಹಳಿಯಾಳ, ಮುಂಡಗೋಡದ ಹೊಲದ ಬದುವಿಗೆ ಅಷ್ಟು ಸಾಕು. ಬಹುಪಾಲು ಕಾಡೇ ಇರುವ ಜೋಯಿಡಾಕ್ಕೆ ಸಾಲದು. ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯೇ ದಾರಿ. ಅದು ಬಿದಿರನ್ನು ಕಿರು ಅರಣ್ಯ ಉತ್ಪನ್ನ ಅಂತ ಒಪ್ಪಿದೆ. ಆದರೆ ಜೋಯಿಡಾದ ಕುಣಬಿಗಳು ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ ವರ್ಷಗಟ್ಟಲೆ ಕೇಳುತ್ತಾ ಬಂದವರು. ಪಟ್ಟಿಯಲ್ಲಿಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದೆವು ಅಂತ ಸಾಬೀತು ಮಾಡಬೇಕು. ಮಿಲ್ಲಿಗೆ ಬಿದಿರು ಕೊಡುವಾಗ ಯಾರೂ ಇಂಥ ಪುರಾವೆ ಕೇಳಿರಲಿಲ್ಲ.

ಸಮುದಾಯ ಹಕ್ಕುಪತ್ರವೇ ಇಲ್ಲದ ಗ್ರಾಮಸಭೆ ಪ್ರೆಸ್ ಯಂತ್ರಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋಗಿ ಏನನ್ನು ತೋರಿಸಬೇಕು?